ಕಲ್ಲುಹೂವು, ಕಡಲತಡಿ ಮತ್ತು ಹವ್ಯಾಸಿಯ ದಿನಚರಿ

ಧಾರವಾಡ ಸೀಮೆಯ ಮನೆಗಳಲ್ಲಿ ಮಸಾಲೆ ಕುಟ್ಟುವಾಗ ಮೆಣಸಿನಕಾಯಿ, ಕೊತ್ತಂಬರಿ, ಲವಂಗ, ಚಕ್ಕೆಗಳ ಜೊತೆಗೆ ಸುರುಟಿಕೊಂಡ ಕಾಗದದ ಚೂರಿನಂತಹ, ಒಂದು ಮಗ್ಗುಲು ಬೂದು ಇನ್ನೊಂದು ಮಗ್ಗುಲು ಕಪ್ಪಾದ ಪದಾರ್ಥವೊಂದನ್ನು ಹಾಕುವುದುಂಟು. ಕೆಲವರು ಅದನ್ನು ಕಲ್ಲುಹೂವೆಂದು ಕರೆಯುವರು; ಮರಾಠಿಯ ಬಳಕೆಯಿಂದ ಕೆಲವರು ದಗಡಫೂಲವೆನ್ನುವರು. ಅದನ್ನು ಹುರಿದು ಪುಡಿಮಾಡಿ ಉಂಡವರು ಅಸಂಖ್ಯ ಜನ. ಅದು ಕಲ್ಲೂ ಅಲ್ಲ, ಹೂವೂ ಅಲ್ಲ, ಹಾಗಾದರೆ ಮತ್ತೇನು ಎಂದು ವಿಚಾರಿಸಿದವರು ಮಾತ್ರ ವಿರಳ. ನಾಲಿಗೆಗೆ ಪರಿಚಿತವಾದ ವಸ್ತುವೊಂದು ಕಣ್ಣಿಗೆ ಅಪರಿಚಿತವಾಗಿ ಉಳಿದಿರುವುದು ಸೋಜಿಗವಲ್ಲವೆ? ಈ ಅಪರಿಚಯವನ್ನು ಕಳೆದುಕೊಳ್ಳುವ ಬಗೆ ಯಾವುದು, ಅದರಿಂದ ಊರಿಗಾಗುವ ಲಾಭವೇನು ಎಂಬುದನ್ನು ಕುರಿತು ನಮ್ಮ ಅಭಿಪ್ರಾಯವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಲ್ಲುಹೂವು ಒಂದು ಜೀವಿಯಲ್ಲ, ಒಂದು ಕೂಡುಸಂಸಾರ. ಅದರ ಒಡಲನ್ನು ಕಟ್ಟಿರುವುದು ಅಣಬೆಯ ಬಳಗಕ್ಕೆ ಸೇರಿದ ಶಿಲೀಂಧ್ರ. ಆ ಒಡಲಿನ ಒಳಗೆ, ಮೇಲುಪದರಿನ ಅಡಿಯಲ್ಲಿ, ಪಾಚಿಯ ಬಳಗದ ಸೂಕ್ಷ್ಮಸಸ್ಯಗಳು ನೆಲಸಿರುವುವು. ಶಿಲೀಂಧ್ರವು ಆಸರೆಯನ್ನೂ ತೇವವನ್ನೂ ಒದಗಿಸಿದರೆ, ಪಾಚಿಯು ಬಿಸಿಲಿನ ನೆರವಿನಿಂದ ಆಹಾರವನ್ನು ತಯಾರಿಸಿಕೊಡುವುದು. ಈ ಜೋಡಿಬಾಳಿನ ಸಂಗತಿಯನ್ನು 1867ರಲ್ಲಿ ಮೊದಲು ಸಾರಿದವನು ಸೈಮನ್ ಶ್ವೆಂಡೆನರ್ ಎಂಬ ಸ್ವಿಸ್ ಸಸ್ಯವಿಜ್ಞಾನಿ. ಅಂದಿನ ಹಿರಿಯ ತಜ್ಞರಲ್ಲಿ ಅನೇಕರು ಅವನ ಮಾತನ್ನು ನಂಬಲಿಲ್ಲ. ಇಂದು ಅದರಲ್ಲಿ ಯಾರಿಗೂ ಸಂಶಯವಿಲ್ಲ. ಅಷ್ಟೇ ಅಲ್ಲ, 2016ರಲ್ಲಿ ಟೋಬಿ ಸ್ಪ್ರಿಬಿಲ್ ಮತ್ತು ಅವರ ಸಂಗಡಿಗರು ಅನೇಕ ಕಲ್ಲುಹೂವುಗಳ ಹೊರಪದರಿನಲ್ಲಿ ಯೀಸ್ಟ್ ರೂಪದ ಮತ್ತೊಂದು ಶಿಲೀಂಧ್ರವನ್ನೂ ಕಂಡರು. ಒಂದೂವರೆ ಶತಮಾನ ಇಬ್ಬರದೆಂದು ನಂಬಿದ್ದ ಸಂಸಾರದಲ್ಲಿ ಮೂರನೆಯವನೂ ಇದ್ದನು!

ಇಂತಹ ವಸ್ತುವನ್ನು ನೋಡಲು ಹಿಮಾಲಯಕ್ಕಾಗಲಿ ಸಹ್ಯಾದ್ರಿಯ ದಟ್ಟ ಅಡವಿಗಾಗಲಿ ಹೋಗಬೇಕಾಗಿಲ್ಲ. ಹುಬ್ಬಳ್ಳಿ ಧಾರವಾಡಗಳ ನಡುವಣ ನಮ್ಮ ರಾಯಾಪುರದಲ್ಲಿ ಹಳೆಯ ಮಾವಿನ ಮರವೊಂದರ ಮುಂದೆ ಹತ್ತು ನಿಮಿಷ ನಿಂತರೆ ಸಾಕು. ತೊಗಟೆಯ ಮೇಲೆ ಸುಣ್ಣ ಸಿಡಿದಂತೆ ಕಾಣುವ ಬಿಳಿಯ, ಬೂದುಬಣ್ಣದ ಮಚ್ಚೆಗಳನ್ನು ಎಲ್ಲರೂ ನೋಡಿರುವರು. ಮರಕ್ಕೆ ತಗುಲಿದ ರೋಗವೆಂದು ಭಾವಿಸಿ ಮುಂದೆ ನಡೆದಿರುವರು. ಅದು ರೋಗವಲ್ಲ. ಕಲ್ಲುಹೂವು ಮರದ ರಸವನ್ನು ಹೀರುವುದಿಲ್ಲ, ಮರವನ್ನು ಕೇವಲ ನಿಲ್ಲುವ ನೆಲೆಯಾಗಿ ಮಾಡಿಕೊಂಡಿರುವುದು. ತೊಗಟೆಗೆ ಬಣ್ಣ ಬಳಿದಂತೆ ಅಂಟಿಕೊಂಡು, ಉಗುರಿನಿಂದ ಎಬ್ಬಿಸಲು ಬಾರದಂತಿರುವುದು ಹಕ್ಕಳೆಯ ರೂಪ. ಅಂಚುಗಳು ಬಿಡಿಸಿಕೊಂಡು ಚಿಕ್ಕ ಎಲೆಗಳಂತೆ ಹರಡಿರುವುದು ಎಲೆಯ ರೂಪ. ಕವಲೊಡೆದು ನಿಂತಿರುವುದು, ಅಥವಾ ಗಡ್ಡದಂತೆ ಜೋತುಬೀಳುವುದು ಪೊದೆಯ ರೂಪ. ಮೊದಲ ದಿನದ ಪಾಠಕ್ಕೆ ಈ ಮೂರು ಭೇದಗಳು ಸಾಕು.

ಭೌತಶಾಸ್ತ್ರವನ್ನು ಕಲಿಸುವ ನಮಗೆ ಈ ವಿಷಯದಲ್ಲೇನು ಅಧಿಕಾರ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಆ ಮಚ್ಚೆಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿರಿ. ಬೂದುಬಣ್ಣವು ಅನೇಕ ಸಲ ಕಣ್ಣೆದುರಿನಲ್ಲೇ ಹಸುರಾಗುವುದು. ಒಣಗಿದಾಗ ಮೇಲುಪದರಿನ ನೂಲುಗಳ ನಡುವೆ ಗಾಳಿ ತುಂಬಿಕೊಂಡಿರುವುದು. ಗಾಳಿಯ ವಕ್ರೀಭವನ ಸೂಚ್ಯಂಕಕ್ಕೂ ನೂಲುಗಳ ಸೂಚ್ಯಂಕಕ್ಕೂ ಬಹಳ ಅಂತರವಿರುವುದರಿಂದ ಬೆಳಕು ಚೆದುರಿ, ಪದರು ಬೆಳ್ಳಗೆ ಕಾಣುವುದು. ನೀರು ಆ ಸಂದುಗಳನ್ನು ತುಂಬಿದೊಡನೆ ಅಂತರ ಕಡಿಮೆಯಾಗಿ ಬೆಳಕು ಒಳಕ್ಕೆ ಇಳಿಯುವುದು, ಅಡಿಯಲ್ಲಿದ್ದ ಪಾಚಿಯ ಹಸುರು ಹೊರಗೆ ತೋರುವುದು. ನೆನೆದ ಬಿಳಿ ಬಟ್ಟೆ ಮೈಬಣ್ಣವನ್ನು ತೋರಿಸುವುದಕ್ಕೂ ಇದೇ ಕಾರಣ. ಅಂತೆಯೇ, ನೋಟುಗಳ ಸಾಚಾತನವನ್ನು ಪರೀಕ್ಷಿಸಲು ಅಂಗಡಿಕಾರರು ಇಟ್ಟುಕೊಳ್ಳುವ ಅತಿನೇರಳೆ ಬೆಳಕಿನ ಸಣ್ಣ ಟಾರ್ಚನ್ನು ಸಂಜೆಗತ್ತಲಲ್ಲಿ ಮರದ ಮೇಲೆ ಹಾಯಿಸಿದರೆ ಕೆಲವು ಕಲ್ಲುಹೂವುಗಳು ಹಳದಿಯಾಗಿ ಹೊಳೆಯುವುವು. ಭಾರತದ ಊರುಗಳಲ್ಲಿ ರಸ್ತೆಬದಿಯ ಮರಗಳ ಮೇಲೆ ಸಾಮಾನ್ಯವಾಗಿರುವ ಪಿಕ್ಸೈನ್ ಕೊಕೋಸ್ ಎಂಬ ಜಾತಿಯು ಇಂತಹುದು. ಅದರೊಳಗಿನ ಲೈಕೆಕ್ಸಾಂಥೋನ್ ಎಂಬ ರಾಸಾಯನಿಕವೇ ಆ ಹೊಳಪಿಗೆ ಮೂಲ. ನಮ್ಮ ಪ್ರಯೋಗಶಾಲೆಯ ಪಕ್ಕದ ಕೋಣೆಯಲ್ಲಿರುವ ಲಿಟ್ಮಸ್ ಕೂಡ ಮೊದಲಿಗೆ ಕಲ್ಲುಹೂವಿನಿಂದ ತೆಗೆದ ಬಣ್ಣವೇ. ರೊಸೆಲ್ಲ ಎಂಬ ಆ ಕುಲವು ಕಡಲಗಾಳಿಯನ್ನು ಮೆಚ್ಚಿದ ಕುಲ. ಭಾರತದ ಕರಾವಳಿಯ ಮರಗಳ ಮೇಲೂ ಅದರ ಜಾತಿಯುಂಟು. ಶಾಸ್ತ್ರಗಳ ನಡುವಣ ಗೋಡೆಗಳನ್ನು ನಾವು ಕಟ್ಟಿಕೊಂಡಿರುವೆವಲ್ಲದೆ ನಿಸರ್ಗವು ಕಟ್ಟಿಲ್ಲ.

ಹೀಗೆ ನೋಡುವುದಕ್ಕೆ ಮೊದಲು ಮಾಡಿದವರಿಗೆ ಒಂದು ಆತುರ ಹುಟ್ಟುವುದು ಸಹಜ: ಇದರ ಹೆಸರೇನು? ಇಂದಿನ ಕಾಲದಲ್ಲಿ ಈ ಆತುರಕ್ಕೆ ಉತ್ತರವೂ ಕೈಯಲ್ಲೇ ಇದೆ. ಮೊಬೈಲಿನಲ್ಲಿ ಚಿತ್ರ ತೆಗೆದರೆ ಅದು ಕ್ಷಣಮಾತ್ರದಲ್ಲಿ ಲ್ಯಾಟಿನ್ ಹೆಸರೊಂದನ್ನು ಹೇಳಿಬಿಡುವುದು. ಹಕ್ಕಿ, ಚಿಟ್ಟೆಗಳ ವಿಷಯದಲ್ಲಿ ಆ ಹೆಸರು ಬಹುಮಟ್ಟಿಗೆ ಸರಿಯಾಗಿರಲೂಬಹುದು. ಕಲ್ಲುಹೂವಿನ ವಿಷಯ ಹಾಗಲ್ಲ. ನೋಟಕ್ಕೆ ಒಂದೇ ಆಗಿರುವ ಎರಡು ಮಚ್ಚೆಗಳಲ್ಲಿ ಒಂದರ ಮೇಲೆ ಪೊಟ್ಯಾಸಿಯಮ್ ಹೈಡ್ರಾಕ್ಸೈಡಿನ ಹನಿ ಬಿದ್ದರೆ ಕೆಂಪಾಗಬಹುದು, ಇನ್ನೊಂದು ಬಣ್ಣ ಬದಲಿಸದೆ ಇರಬಹುದು. ಎಷ್ಟೋ ಜಾತಿಗಳನ್ನು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ಬೀಜಾಣುಗಳನ್ನು ನೋಡಿಯೇ ಗುರುತಿಸಬೇಕು. ಭಾರತದಲ್ಲಿ ಎರಡು ಸಾವಿರಕ್ಕೂ ಮಿಕ್ಕ ಜಾತಿಗಳಿವೆ. ಅವುಗಳ ವರ್ಗೀಕರಣಕ್ಕೆ ಲಖನೌದಲ್ಲಿ ತಳಹದಿ ಹಾಕಿದ ಧರಣೀಧರ ಅವಸ್ಥಿಯವರಂತಹ ವಿದ್ವಾಂಸರು ಜೀವಮಾನವನ್ನೇ ಅದಕ್ಕೆ ಮುಡಿಪಾಗಿಟ್ಟರು. ಅವರ ಶ್ರಮದ ಫಲವನ್ನು ಒಂದು ಚಿತ್ರದಿಂದ ಪಡೆಯುತ್ತೇವೆಂದು ಭಾವಿಸುವುದು ಸರಿಯಲ್ಲ.

ಹಾಗಾದರೆ ಹವ್ಯಾಸಿಯು ಕೈಕಟ್ಟಿ ಕೂಡಬೇಕೆ? ಖಂಡಿತ ಕೂಡದು. ಹೆಸರು ಕೊನೆಗೆ ಬರಲಿ. ಮೊದಲು ನೋಟ ಬರಲಿ, ನೋಟದ ಬೆನ್ನಿಗೆ ಬರಹ ಬರಲಿ ಎಂಬುದೇ ನಮ್ಮ ವಾದ. ಯಾವ ದಿನ, ಯಾವ ಮರ, ನೆಲದಿಂದ ಎಷ್ಟು ಎತ್ತರ, ಯಾವ ದಿಕ್ಕಿನ ಮಗ್ಗುಲು, ಯಾವ ರೂಪ, ಯಾವ ಬಣ್ಣ, ಎಷ್ಟು ಅಗಲ ಎಂಬ ಏಳು ಸಂಗತಿಗಳನ್ನು ಬರೆದಿಟ್ಟು, ಹೆಸರಿನ ಜಾಗದಲ್ಲಿ "ಗೊತ್ತಿಲ್ಲ" ಎಂದು ಬರೆದ ದಿನಚರಿಯು, ಅಂದಾಜಿನ ಹೆಸರುಗಳಿಂದ ತುಂಬಿದ ದಿನಚರಿಗಿಂತ ನೂರು ಪಾಲು ಮೇಲು. ತಪ್ಪು ಹೆಸರು ಮುಂದಿನವನನ್ನು ದಾರಿತಪ್ಪಿಸುವುದು. "ಗೊತ್ತಿಲ್ಲ" ಎಂಬುದು ಅವನಿಗಾಗಿ ಬಾಗಿಲನ್ನು ತೆರೆದಿಡುವುದು.

ಇದಕ್ಕೆ ಇತಿಹಾಸದಲ್ಲಿಯೇ ಒಂದು ಸಾಕ್ಷಿಯುಂಟು. ವಿಲಿಯಂ ನೈಲಾಂಡರ್ ಎಂಬ ಫಿನ್ಲೆಂಡಿನ ವಿದ್ವಾಂಸನು ಪ್ಯಾರಿಸ್ ನಗರದಲ್ಲಿ ನೆಲಸಿದ್ದನು. ಅಲ್ಲಿನ ಲಕ್ಸೆಂಬರ್ಗ್ ಉದ್ಯಾನದ ಮರಗಳ ಮೇಲಿದ್ದ ಕಲ್ಲುಹೂವುಗಳನ್ನು ಪಟ್ಟಿಮಾಡಿ 1866ರಲ್ಲಿ ಪ್ರಕಟಿಸಿದನು. ನಗರದ ಬೇರೆಡೆಗಳಲ್ಲಿ ಅವು ಕಾಣದಿರುವುದನ್ನು ಗಮನಿಸಿ, ಗಾಳಿಯ ಶುದ್ಧಿಯನ್ನು ಅವು ಅಳೆಯುವುವೆಂದು ಹೇಳಿದನು. ಮೂವತ್ತು ವರ್ಷಗಳ ತರುವಾಯ, 1896ರಲ್ಲಿ, ಆ ಉದ್ಯಾನದಿಂದಲೂ ಅವು ಮಾಯವಾದುವೆಂದು ಅವನೇ ಬರೆಯಬೇಕಾಯಿತು. ಕಲ್ಲಿದ್ದಲ ಹೊಗೆ ಅವುಗಳನ್ನು ಕೊಂದಿತ್ತು. ಕಲ್ಲುಹೂವಿಗೆ ಬೇರಿಲ್ಲ, ಎಲೆಗಳಿಗಿರುವಂತೆ ಮೇಣದ ಹೊದಿಕೆಯೂ ಇಲ್ಲ. ಮಳೆ, ಇಬ್ಬನಿ, ಧೂಳುಗಳಲ್ಲಿ ಬಂದುದೆಲ್ಲವನ್ನೂ ಅದು ಮೈಯೆಲ್ಲದರಿಂದ ಹೀರಿಕೊಳ್ಳುವುದು. ಗಂಧಕದ ಡೈಆಕ್ಸೈಡಿನಂತಹ ಅನಿಲವು ಬಂದರೆ ಅದನ್ನೂ ಹೀರಿ ಸಾಯುವುದು. 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರವು ಸಿಡಿದಾಗ ಉತ್ತರ ಯುರೋಪಿನ ಕಲ್ಲುಹೂವುಗಳು ವಿಕಿರಣಶೀಲ ಸೀಸಿಯಮ್ಮನ್ನು ಹೀರಿಕೊಂಡುವು, ಅವುಗಳನ್ನು ಮೇಯ್ದ ಹಿಮಸಾರಂಗಗಳ ಮಾಂಸವೂ ದೂಷಿತವಾಯಿತು. ಲಂಡನ್ನಿನಲ್ಲಿ 1952ರ ಮಾರಕ ಹೊಗೆಮಂಜಿನ ತರುವಾಯ 1956ರಲ್ಲಿ ಶುದ್ಧವಾಯು ಕಾಯಿದೆ ಬಂದು, ಮುಂದಿನ ದಶಕಗಳಲ್ಲಿ ಹೊಗೆ ತಗ್ಗಿದ ಮೇಲೆ, ನಗರವನ್ನು ಬಿಟ್ಟುಹೋಗಿದ್ದ ಜಾತಿಗಳು ಒಂದೊಂದಾಗಿ ಮರಳಿದುವು.

ವಾಚಕರು ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಇದೇ ನೈಲಾಂಡರನು ಶ್ವೆಂಡೆನರನ ಜೋಡಿಬಾಳಿನ ಸಿದ್ಧಾಂತವನ್ನು ಕೊನೆಯವರೆಗೂ ಒಪ್ಪಲಿಲ್ಲ. ಕಲ್ಲುಹೂವೆಂದರೇನು ಎಂಬ ಮೂಲ ಪ್ರಶ್ನೆಯಲ್ಲಿಯೇ ಅವನು ಎಡವಿದನು. ಆದರೂ ಉದ್ಯಾನದ ಅವನ ಪಟ್ಟಿಯು ಇಂದಿಗೂ ಬೆಲೆಯುಳ್ಳದ್ದು. ಸಿದ್ಧಾಂತ ಬಿದ್ದುಹೋಯಿತು; ದಿನಾಂಕ, ಸ್ಥಳಗಳುಳ್ಳ ಪ್ರಾಮಾಣಿಕ ಬರಹ ನಿಂತಿತು. 1866ರ ಪಟ್ಟಿ ಇಲ್ಲದಿದ್ದರೆ 1896ರ ನಷ್ಟವು ನಷ್ಟವೆಂದು ಯಾರಿಗೂ ತಿಳಿಯುತ್ತಲೇ ಇರಲಿಲ್ಲ.

ಈ ಮಾತನ್ನು ನಮ್ಮ ಊರಿಗೆ ಅನ್ವಯಿಸಿ ನೋಡೋಣ. ಹುಬ್ಬಳ್ಳಿ ಧಾರವಾಡಗಳ ನಡುವೆ ತ್ವರಿತ ಬಸ್ ಸಾರಿಗೆಗಾಗಿ ರಸ್ತೆಯನ್ನು ಅಗಲಗೊಳಿಸಿದಾಗ ಇಕ್ಕೆಲದ ಅನೇಕ ಹಳೆಯ ಮರಗಳು ಉರುಳಿದುವು. 2018ರಲ್ಲಿ ಬಸ್ಸುಗಳು ಓಡತೊಡಗಿದುವು. ರಸ್ತೆ ಬೇಕೋ ಮರ ಬೇಕೋ ಎಂಬ ಚರ್ಚೆಯನ್ನು ನಾವಿಲ್ಲಿ ಎತ್ತುವುದಿಲ್ಲ. ದಿನವೂ ಆ ಬಸ್ಸಿನಲ್ಲಿಯೇ ಸಂಚರಿಸುವವರು ನಾವು. ನಮ್ಮ ಪ್ರಶ್ನೆ ಬೇರೆ. ಉರುಳಿದ ಮರಗಳ ಲೆಕ್ಕವನ್ನು ಜನ ಕೇಳಿದರು. ಆ ತೊಗಟೆಗಳ ಮೇಲೆ ಹತ್ತಾರು ವರ್ಷಗಳಿಂದ ಬೆಳೆದಿದ್ದ ಜೀವಗಳ ಲೆಕ್ಕವನ್ನು ಕೇಳಿದವರಾರು? ಹಕ್ಕಳೆಯ ರೂಪದ ಕಲ್ಲುಹೂವು ಅನೇಕ ಸಲ ವರ್ಷಕ್ಕೆ ಒಂದು ಮಿಲಿಮೀಟರಿನಷ್ಟೂ ಬೆಳೆಯುವುದಿಲ್ಲ. ಅಂಗೈಯಗಲದ ಮಚ್ಚೆಯೊಂದು ನಮಗಿಂತ ಹಿರಿದಾಗಿರಬಹುದು. ಹೊಸ ಸಸಿಗಳನ್ನು ನೆಟ್ಟರೆ ನೆರಳು ಮರಳೀತು. ಆದರೆ ಮೊದಲಿದ್ದ ಕಲ್ಲುಹೂವುಗಳೇ ಮರಳಿದುವೆ, ಇಲ್ಲವೆ ಹೊಗೆಯನ್ನು ತಾಳಬಲ್ಲ ಒಂದೆರಡು ಜಾತಿಗಳು ಮಾತ್ರ ಬಂದುವೆ ಎಂಬುದನ್ನು ಹೇಳಲು ಹಳೆಯ ದಿನಚರಿ ಬೇಕು. ಇನ್ನುಳಿದ ಮರಗಳ ವಿಷಯದಲ್ಲಾದರೂ ಮುಂದಿನ ತಲೆಮಾರಿನವರು ನಮ್ಮನ್ನು ಹೀಗೆ ಕೇಳುವಂತಾಗಬಾರದು.

ಮನೆಯ ಮುಂದಿನ ಮರದಲ್ಲಿ ಬೇರೂರಿದ ಈ ಅಭ್ಯಾಸವು ದೂರದ ಪ್ರವಾಸಕ್ಕೂ ಜೊತೆಯಾಗಿ ಬರುವುದು. ನಮ್ಮ ಭಾಗದ ಶಾಲಾ ಕಾಲೇಜುಗಳ ಪ್ರವಾಸಗಳಲ್ಲಿ ಕಾರವಾರ, ಗೋಕರ್ಣಗಳಿಗೆ ಹೋಗುವುವು ಬಹಳ. ಕಲಘಟಗಿ, ಯಲ್ಲಾಪುರಗಳನ್ನು ದಾಟಿ ಅರಬೈಲು ಘಟ್ಟವನ್ನಿಳಿದು ಅಂಕೋಲೆಯ ಮೂಲಕ ಸಾಗುವ ಸುಮಾರು 160 ಕಿಲೋಮೀಟರುಗಳ ಆ ದಾರಿಯೇ ಒಂದು ಪ್ರಯೋಗಶಾಲೆ. ಧಾರವಾಡದಲ್ಲಿ ವರ್ಷಕ್ಕೆ ಸುಮಾರು 80 ಸೆಂಟಿಮೀಟರು ಮಳೆಯಾದರೆ ಕಾರವಾರದಲ್ಲಿ 300 ಸೆಂಟಿಮೀಟರಿನ ಆಸುಪಾಸು. ಬಸ್ಸು ನಿಂತಲ್ಲೆಲ್ಲ ಒಂದೊಂದು ಮರದ ತೊಗಟೆಯನ್ನು ನೋಡಿ ಬರೆದುಕೊಂಡರೆ, ಮಳೆಯೂ ತೇವವೂ ಏರಿದಂತೆ ಹಕ್ಕಳೆ, ಎಲೆ, ಪೊದೆಯ ರೂಪಗಳ ಪ್ರಮಾಣ ಹೇಗೆ ಬದಲಾಗುವುದೆಂಬುದನ್ನು ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳಬಹುದು.

ಕಾರವಾರವು ಹವ್ಯಾಸಿಗಳಿಗೆ ಪುಣ್ಯಸ್ಥಳವೆಂದರೆ ಅತಿಶಯೋಕ್ತಿಯಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿ ಮೂವರು ಸರಕಾರಿ ನೌಕರರು ಕೂಡಿದರು. ಎಡ್ವರ್ಡ್ ಹ್ಯಾಮಿಲ್ಟನ್ ಐಟ್ಕನ್ ಸುಂಕ ಮತ್ತು ಉಪ್ಪಿನ ಇಲಾಖೆಯವನು, 1883ರಲ್ಲಿ ಮುಂಬಯಿಯ ನಿಸರ್ಗ ಇತಿಹಾಸ ಸಂಘವನ್ನು ಸ್ಥಾಪಿಸಿದವರಲ್ಲೊಬ್ಬನು, ಡೇವಿಡ್ಸನ್ ಜಿಲ್ಲೆಯ ಕಲೆಕ್ಟರನು, ಬೆಲ್ ಅರಣ್ಯಾಧಿಕಾರಿ. ಕಚೇರಿಯ ಕೆಲಸ ಮುಗಿದ ಮೇಲೆ ಕಂಬಳಿಹುಳುಗಳನ್ನು ಸಾಕುವುದು, ಯಾವ ಹುಳು ಯಾವ ಗಿಡದ ಎಲೆಯನ್ನು ತಿನ್ನುವುದು, ಅದರಿಂದ ಯಾವ ಚಿಟ್ಟೆ ಹೊರಡುವುದು ಎಂದು ಬರೆದಿಡುವುದು ಅವರ ಹವ್ಯಾಸವಾಗಿತ್ತು. ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆಗಳನ್ನು ಕುರಿತು ಅವರು ಬರೆದುದು 1896 ಮತ್ತು 1897ರಲ್ಲಿ ಆ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಅದನ್ನು ಇಂದಿಗೂ ಚಿಟ್ಟೆಗಳ ಅಭ್ಯಾಸಿಗಳು ತಿರುವಿಹಾಕುವರು. ಅವರಿಗೆ ಆಳುಕಾಳುಗಳೂ ಬಂಗಲೆಗಳೂ ಇದ್ದುವೆಂಬುದು ನಿಜ. ಆದರೆ ಅವರ ಬರಹವನ್ನು ಉಳಿಸಿದುದು ಬಂಗಲೆಯಲ್ಲ, ದಿನವೂ ನೋಡಿ ದಿನವೂ ಬರೆಯುವ ಶಿಸ್ತು. ಅದು ಹಣದಿಂದ ಬರತಕ್ಕದ್ದಲ್ಲ.

ಕಡಲತಡಿಯನ್ನು ನೋಡುವವರಿಗೆ ಗಡಿಯಾರಕ್ಕಿಂತ ಪಂಚಾಂಗವೇ ಮೇಲು. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಆದುದರಿಂದ ಇಂದು ಕಂಡ ಇಳಿತವು ನಾಳೆ ಸುಮಾರು 50 ನಿಮಿಷ ತಡವಾಗಿ ಬರುವುದು. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತಗಳು ಕೂಡಿಕೊಂಡು ನೀರು ಹೆಚ್ಚು ಏರಿ ಹೆಚ್ಚು ಇಳಿಯುವುದು. ಪ್ರವಾಸದ ದಿನವನ್ನು ಹೀಗೆ ಗೊತ್ತುಪಡಿಸಿಕೊಂಡರೆ, ಉಳಿದ ದಿನಗಳಲ್ಲಿ ನೀರಿನಡಿ ಮುಳುಗಿರುವ ಬಂಡೆಗಳೂ ದರ್ಶನ ಕೊಡುವುವು. ಭಾರತೀಯ ಸರ್ವೇಕ್ಷಣ ಇಲಾಖೆಯು ಪ್ರತಿವರ್ಷವೂ ಉಬ್ಬರವಿಳಿತದ ಕೋಷ್ಟಕವನ್ನು ಪ್ರಕಟಿಸುವುದು. ಕೋಷ್ಟಕವನ್ನೇ ನೋಡದೆ ಇಳಿತದ ವೇಳೆಯನ್ನು ಬಲ್ಲವರೂ ಉಂಟು: ಕುಮಟೆಯ ಬಳಿಯ ಅಘನಾಶಿನಿಯ ಅಳಿವೆಯಲ್ಲಿ ಬಳಚು ಆಯುವ ಹೆಣ್ಣುಮಕ್ಕಳು. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಆ ಅಳಿವೆಯನ್ನು ನೋಡಹೋದವರು ಅವರನ್ನು ವಿನಯದಿಂದ ಮಾತಾಡಿಸಿ, ಅವರು ಹೇಳುವ ಹೆಸರುಗಳನ್ನು ಅವರ ಉಚ್ಚಾರದಲ್ಲಿಯೇ ಬರೆದುಕೊಳ್ಳಬೇಕು. ಅವೂ ವಿಜ್ಞಾನದ ಸಾಮಗ್ರಿಯೇ.

ಬಂಡೆಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಬಂದರೆ, ಯಾವ ಜೀವಿ ಎಷ್ಟು ಹೊತ್ತು ನೀರಿಲ್ಲದೆ ಬಾಳಬಲ್ಲದೆಂಬುದಕ್ಕೆ ತಕ್ಕಂತೆ ಪಟ್ಟಿಪಟ್ಟಿಯಾಗಿ ಬದುಕು ಹಂಚಿಕೊಂಡಿರುವುದು ಕಾಣುವುದು. ಮೇಲುಗಡೆ ಸಣ್ಣ ಬಸವನಹುಳುಗಳು, ಅದರ ಕೆಳಗೆ ಕಲ್ಲಿಗೆ ಬೆಸೆದಂತಿರುವ ಬಾರ್ನಕಲ್ ಮತ್ತು ಸಿಂಪಿಗಳು, ಇನ್ನೂ ಕೆಳಗೆ ಕಡಲಪಾಚಿಗಳು. ಇಂಗ್ಲೆಂಡಿನ ಕಡಲಬಂಡೆಗಳಲ್ಲಿ ಉಬ್ಬರದ ಗೆರೆಯ ಮೇಲೆ ಕಪ್ಪು, ಕಿತ್ತಳೆ, ಬೂದು ಬಣ್ಣಗಳ ಕಲ್ಲುಹೂವಿನ ಪಟ್ಟಿಗಳೇ ಇರುವುವು. ನಮ್ಮ ಬಂಡೆಗಳ ಮೇಲೆ ಉಂಟೋ ಎಂದು ಹುಡುಕಲು ಇದೊಂದು ಒಳ್ಳೆಯ ನೆವ. ಮರಳಿನ ಮೇಲೆ ಸಾಸಿವೆಯಿಂದ ಬಟಾಣಿಯವರೆಗಿನ ಗಾತ್ರದ ಉಂಡೆಗಳನ್ನು ಮಾಡಿ ರಂಗೋಲಿಯಿಟ್ಟಂತೆ ಹರಡುವ ಪುಟ್ಟ ಏಡಿಗಳು, ಅಲೆ ತಂದೆಸೆದ ಸಮುದ್ರನೊರೆ, ತಲೆಯ ಮೇಲೆ ಸುಳಿಯುವ ಬಿಳಿಹೊಟ್ಟೆಯ ಕಡಲಹದ್ದು, ಇವೆಲ್ಲವೂ ದಿನಚರಿಗೆ ಅರ್ಹವಾದುವೇ. ಸಮುದ್ರನೊರೆಯು ನೊರೆಯಲ್ಲ, ಕಪ್ಪೆಬೊಂಡಾಸವೆಂಬ ಮೃದ್ವಂಗಿಯ ಒಳಚಿಪ್ಪು. ಚಳಿಗಾಲದಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಈ ತೀರಗಳಿಗೆ ಮೊಟ್ಟೆಯಿಡಲು ಬರುವುವು. ಅವುಗಳ ಗೂಡು ಕಂಡರೆ ಮುಟ್ಟದೆ, ದೀಪ ಹಿಡಿಯದೆ, ಅರಣ್ಯ ಇಲಾಖೆಗೆ ತಿಳಿಸುವುದೇ ನೋಡುವವನ ಧರ್ಮ.

ಮುಟ್ಟದಿರುವ ನೀತಿ ಎಲ್ಲಕ್ಕೂ ಅನ್ವಯಿಸುವುದು. ಮೂವತ್ತು ವರ್ಷದ ಕಲ್ಲುಹೂವನ್ನು ಚಾಕುವಿನಿಂದ ಕೆರೆದು ಡಬ್ಬಿಯಲ್ಲಿ ತುಂಬುವುದು ಅಭ್ಯಾಸವಲ್ಲ, ಅಪವ್ಯಯ. ಉಣಕಲ್ಲಿನ ಚಂದ್ರಮೌಳೇಶ್ವರ ದೇವಾಲಯದಂತಹ ಚಾಲುಕ್ಯರ ಕಾಲದ ಕಲ್ಲುಗಳ ಮೇಲಂತೂ ಉಗುರನ್ನೂ ತಾಗಿಸಬಾರದು. ತಜ್ಞರು ಕೇಳಿದಾಗ ಮಾತ್ರ, ನೆಲಕ್ಕೆ ಬಿದ್ದ ಟೊಂಗೆಯಿಂದ ಚೂರನ್ನು ಕೊಡಬಹುದು.

ಪರೀಕ್ಷೆ, ಅಂಕ, ಉದ್ಯೋಗಗಳ ನಡುವೆ ಇದಕ್ಕೆ ಬಿಡುವೆಲ್ಲಿ ಎಂದು ಪಾಲಕರೂ ನಮ್ಮ ಸಹೋದ್ಯೋಗಿಗಳೂ ಕೇಳುವರು. ವಾರಕ್ಕೆ ಅರ್ಧ ತಾಸು ಸಾಕೆಂಬುದು ನಮ್ಮ ಮೊದಲ ಉತ್ತರ. ಎರಡನೆಯ ಉತ್ತರ ಇದಕ್ಕಿಂತ ಮುಖ್ಯವಾದುದು. ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯು ಬರಬೇಕಾದ ಉತ್ತರವನ್ನು ಮೊದಲೇ ಬಲ್ಲನು. ಗುರುತ್ವದ ಬೆಲೆ 9.8ಕ್ಕೆ ಹತ್ತಿರ ಬರುವವರೆಗೆ ಅಳತೆಗಳನ್ನು ತಿದ್ದುವ ಚಟ ಎಲ್ಲ ಅಧ್ಯಾಪಕರಿಗೂ ಗೊತ್ತಿರುವುದೇ. ಮರದ ತೊಗಟೆಯ ಉತ್ತರ ಯಾವ ಪುಸ್ತಕದ ಕೊನೆಯಲ್ಲಿಯೂ ಅಚ್ಚಾಗಿಲ್ಲ. ಅಲ್ಲಿ ಕಂಡುದನ್ನು ಕಂಡಂತೆ ಬರೆಯದೆ ಗತ್ಯಂತರವಿಲ್ಲ. ಏನೂ ಕಾಣದಿದ್ದರೆ "ಇಲ್ಲ" ಎಂದು ಬರೆಯಬೇಕು, ಏಕೆಂದರೆ ಸೊನ್ನೆಯೂ ಒಂದು ಅಳತೆಯೇ. ಪ್ರಾಮಾಣಿಕವಾದ ಅಳತೆಯನ್ನು ಕಲಿಸಲು ಇದಕ್ಕಿಂತ ಅಗ್ಗದ ಪ್ರಯೋಗಶಾಲೆ ನಮಗೆ ತಿಳಿಯದು.

ಆದುದರಿಂದ ನಮ್ಮ ಸೂಚನೆ ಇಷ್ಟೆ. ಪ್ರತಿಯೊಂದು ಕಾಲೇಜೂ, ಸಾಧ್ಯವಾದರೆ ಪ್ರತಿಯೊಂದು ಪ್ರೌಢಶಾಲೆಯೂ, ತನ್ನ ಸುತ್ತಲಿನ ಹತ್ತು ಮರಗಳನ್ನು ಆರಿಸಿಕೊಳ್ಳಲಿ. ಪ್ರತಿ ಮರದ ನಾಲ್ಕು ದಿಕ್ಕುಗಳಲ್ಲಿಯೂ ಎದೆಯೆತ್ತರದಲ್ಲಿ, ಒಂದರ ಮೇಲೊಂದರಂತೆ 10 ಸೆಂಟಿಮೀಟರು ಅಳತೆಯ ಐದು ಚೌಕಗಳಿರುವ ಪಾರದರ್ಶಕ ಹಾಳೆಯನ್ನು ಹಿಡಿದು, ಎಷ್ಟು ಚೌಕಗಳಲ್ಲಿ ಯಾವ ರೂಪದ ಕಲ್ಲುಹೂವು ಇದೆಯೆಂದು ಎಣಿಸಲಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ಅಳತೆಪಟ್ಟಿ, ಸೀಸದಕಡ್ಡಿಗಳ ಹೊರತು ಬೇರೆ ಸಲಕರಣೆ ಬೇಡ. ಮೊಬೈಲಿನ ಚಿತ್ರವನ್ನು ಹೆಸರಿಗಾಗಿ ಅಲ್ಲ, ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು ಬೆಳವಣಿಗೆಯ ದಾಖಲೆಗಾಗಿ ತೆಗೆಯಲಿ. ವರ್ಷದ ಪ್ರವಾಸದಲ್ಲಿ ಕಡಲತಡಿಯ ಒಂದೇ ಬಂಡೆಯನ್ನು ಗೊತ್ತುಮಾಡಿಕೊಂಡು ಪ್ರತಿವರ್ಷ ಅದನ್ನೇ, ಅದೇ ಬಗೆಯ ಇಳಿತದಲ್ಲಿ ನೋಡಲಿ. ಗುರುತು ಸಿಗದವುಗಳ ವಿವರವನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞರಿಗೋ, ಕಾರವಾರದಲ್ಲಿ ಅದೇ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗದವರಿಗೋ ಬರೆದು ಕೇಳಲಿ. ಈ ದಿನಚರಿಯನ್ನು ಯಾವ ಅಧ್ಯಾಪಕರ ಸ್ವಂತ ಸೊತ್ತನ್ನಾಗಿಯೂ ಮಾಡದೆ, ಗ್ರಂಥಾಲಯದ ಪುಸ್ತಕವಾಗಿ ಕ್ರಮಸಂಖ್ಯೆ ಹಾಕಿ ಇಡಬೇಕು; ಅಧ್ಯಾಪಕರು ವರ್ಗವಾಗಿ ಹೋಗುವರು, ವಿದ್ಯಾರ್ಥಿಗಳು ತೇರ್ಗಡೆಯಾಗಿ ಹೋಗುವರು, ಪುಸ್ತಕ ಉಳಿಯಬೇಕು.

ಮೂವತ್ತು ವರ್ಷಗಳ ಮೇಲೆ ರಾಯಾಪುರದ ಗಾಳಿ ಸುಧಾರಿಸಿತೋ ಕೆಟ್ಟಿತೋ ಎಂದು ಯಾರಾದರೂ ಕೇಳಿದರೆ ಬಾಯಿಮಾತಿನ ನೆನಪುಗಳು ಸಾಲವು. ದಿನಾಂಕ ಹಾಕಿದ ಮೊದಲ ಪುಟ ಬೇಕು. ಈ ಮಳೆಗಾಲ ಮುಗಿಯುವುದರೊಳಗೆ ಅದನ್ನು ಬರೆಯಲು ಯಾವ ಅಡ್ಡಿಯೂ ಇಲ್ಲ.